ಅಪ್ಪನ ಕಾಯಿ, ಅಳಿಯನ ಕಾಯಿಲ್

ಗೋವಾದ ಬಾಯ್ನಾದಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತ ನನಗೆ 26 ವರ್ಷವಾಯಿತು. ಸುಟ್ಟ ಪಂಪು ಅಂಗಡಿಗೆ ಬಂದರೆ ಬಿಚ್ಚುವ ಮೊದಲು ಮೂಸುತ್ತೇನೆ. ವಾರ್ನಿಷ್ ಕರಕಲಾದ ವಾಸನೆ ಬಂತೆಂದರೆ ಕಾಯಿಲ್ ಹೋಗಿದೆ ಅಂತಲೇ ಲೆಕ್ಕ. ತಪ್ಪಿದ್ದೂ ಉಂಟು.

ನಮ್ಮಪ್ಪ ರೋಣ ತಾಲ್ಲೂಕಿನಲ್ಲಿ ನೀರು ತೋರಿಸುತ್ತಿದ್ದ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಬರಿಗಾಲಲ್ಲಿ ಹೊಲ ತಿರುಗುವುದು, ಕಾಯಿ ಜುಟ್ಟು ಮೇಲಾಗಿ ಎದ್ದ ಕಡೆ ಕಲ್ಲಿಡುವುದು. ದುಡ್ಡು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಕೈಗುಣ ಹೋಗುತ್ತದಂತೆ. ನೀರು ಹತ್ತಿದ ಬೋರು ಅಪ್ಪನ ಹೆಸರಿಗೆ, ಹತ್ತದ್ದು ರೈತನ ಹಣೆಬರಹಕ್ಕೆ. ಕಡೆಗೆ ನಮ್ಮ ಹೊಲದ ಬೋರೇ ಬರೀ ಬೂದಿಯಂಥ ಪುಡಿ ಉಗುಳಿತು. ಕಾಯಿ ತಪ್ಪಿತು ಅನ್ನಲಿಲ್ಲ ಅಪ್ಪ. ತಾನೇ ಮಡಿ ಕೆಟ್ಟೆ ಅಂದ, ಮೂರು ದಿನ ಊಟ ಬಿಟ್ಟ. ಆ ಸಾಲವೇ ನನ್ನನ್ನು ಗೋವಾಕ್ಕೆ ತಂದದ್ದು.

ತಂಗಿಯ ಮಗನಿಗೆ ಈಗ ಡ್ರೋನಿನಿಂದ ನೆಲದೊಳಗನ್ನು ಸರ್ವೆ ಮಾಡುವ ಕೆಲಸ. ಚೌತಿಗೆ ಬಂದಿದ್ದ. ಇಲ್ಲೇ ಹಾರಿಸಿ ತೋರಿಸೋ ಅಂದೆ. ದಾಬೋಲಿಂ ಏರ್‌ಪೋರ್ಟು, ನೌಕಾಪಡೆ ಮಗ್ಗುಲಲ್ಲೇ ಇವೆ, ಹಾರಿಸಿದರೆ ಜೈಲು ಅಂತ ನಕ್ಕು ನನ್ನ ಇನ್ಸುಲೇಷನ್ ಕಾಗದದ ಮೇಲೆ ಗೀಚಿದ. ಒಂದು ಕಾಯಿಲ್‌ಗೆ ಏರಿಳಿಯುವ ಕರೆಂಟು ಕೊಟ್ಟರೆ ಅದರ ಕಾಂತಕ್ಷೇತ್ರ ನೆಲಕ್ಕಿಳಿದು ಅಲ್ಲಿ ಸುಳಿ ಕರೆಂಟು ಎಬ್ಬಿಸುತ್ತದೆ. ಆ ಸುಳಿಯ ಮರುದನಿಯನ್ನು ಇನ್ನೊಂದು ಕಾಯಿಲ್ ಹಿಡಿಯುತ್ತದೆ. ಡ್ರೋನಿನ ಮೋಟಾರು ಗದ್ದಲ ಮಾಡುತ್ತದೆಂದು ಈ ಕಾಯಿಲ್‌ಗಳನ್ನು ಹಗ್ಗ ಕಟ್ಟಿ ಕೆಳಗೆ ತೂಗಬಿಡುವುದು. ಏರಿಳಿಯುವ ಕಾಂತಕ್ಷೇತ್ರ ಕರೆಂಟು ಎಬ್ಬಿಸುವುದು 1831ರಲ್ಲಿ ಫ್ಯಾರಡೆ ಕಂಡದ್ದೇ, ನನ್ನ ಅನ್ನವೂ ಅದರದ್ದೇ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಹೆಲಿಕಾಪ್ಟರಿಗೆ ಕಟ್ಟಿ ಮಾಡಿದ್ದನ್ನು ಡ್ರೋನು ಸಣ್ಣದಾಗಿ, ಮೇಲುಪದರಕ್ಕಷ್ಟೇ ಮಾಡುತ್ತದೆ.

"ಹಂಗಾದ್ರ ನೀರು ಕಾಣತೈತಿ?"

"ಇಲ್ಲ ಮಾಮಾ. ಕರೆಂಟು ಎಲ್ಲಿ ಸಲೀಸು ಹರಿತೈತಿ ಅನ್ನೋದಷ್ಟ ಕಾಣತೈತಿ. ನೀರು ಅನ್ನೋದು ನಮ್ಮ ಊಹೆ."

ಜೇಡಿಮಣ್ಣೂ ಹಾಗೇ ಕಾಣುತ್ತದೆ, ಹೂತ ಕಬ್ಬಿಣದ ಪೈಪೂ. ಬಾಯ್ನಾದ ದಂಡೆಯಲ್ಲಾದರೆ ಎಲ್ಲಕ್ಕಿಂತ ಜೋರಾಗಿ ಕಾಣುವುದು ಉಪ್ಪುನೀರೇ. ಬಂಡೆಯ ಬಿರುಕಿನ ಸಿಹಿನೀರು ಮಸುಕು. ಮಠದ ಪ್ರವಚನದಲ್ಲಿ ನ್ಯಾಯಶಾಸ್ತ್ರದ ಮಾತು ಕೇಳಿದ್ದೆ: ಹೊಗೆಯಿದ್ದಲ್ಲಿ ಬೆಂಕಿ ಸರಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಅನ್ನುವಂತಿಲ್ಲ, ಕಾದ ಕಬ್ಬಿಣದ ಗುಂಡನ್ನು ನೋಡಿ. ಅವತ್ತು ತೂಕಡಿಸುತ್ತ ಕೇಳಿದ್ದು ಇವತ್ತು ತಲೆಗೆ ಹೋಯಿತು: ಕರೆಂಟು ಹರಿದಲ್ಲೆಲ್ಲ ನೀರು ಅನ್ನುವಂತಿಲ್ಲ.

ಹುತ್ತ, ಗಿಡಮರ ನೋಡಿ ನೀರು ಊಹಿಸುವ ವಿದ್ಯೆ ಸಾವಿರ ವರ್ಷದ ಹಿಂದೆಯೇ ಚಾವುಂಡರಾಯನ 'ಲೋಕೋಪಕಾರ'ದಲ್ಲಿದೆ. ಕಾಯಿ ಹಿಡಿದು ನಡೆಯುವಾಗ ಅಪ್ಪನ ಕಣ್ಣು ಹುತ್ತಗಳ ಕಡೆಗೇ ಇರುತ್ತಿತ್ತು. ಅವನ ಕಣ್ಣು ಕಂಡದ್ದನ್ನೇ ಕೈ ಕಾಯಿಗೆ ಹೇಳುತ್ತಿತ್ತೋ ಏನೋ. ಆದರೆ ಅಪ್ಪ ಅದನ್ನು ಊಹೆ ಅನ್ನಲಾರ. ಅಂದರೆ ದೇವರಿಗೆ ಅವಮಾನ. ನನಗೀಗ ಹಾಗನ್ನಿಸುವುದಿಲ್ಲ. ಇಲ್ಲ ಅನ್ನುವುದಕ್ಕೆ ನೆಲಕ್ಕೆ ಆಸ್ಪದ ಕೊಟ್ಟವನ ಭಕ್ತಿಯೇ ಹೆಚ್ಚಿನದು.

ಹೊರಡುವಾಗ ಹುಡುಗ ಕೇಳಿದ, ಅಜ್ಜ ತೋರಿಸಿದ ಬೋರುಗಳಲ್ಲಿ ಒಣಗಿದ್ದು ಯಾವ್ಯಾವು ಅಂತ. ಊರ ಕಡೆ ಸರ್ವೆ ಮಾಡುವಾಗ ಯಂತ್ರದ ಮಾತನ್ನು ಅಲ್ಲಿ ತಾಳೆ ನೋಡಬಹುದಂತೆ. ಅದೇ ಕಾಗದ ತಿರುಗಿಸಿ ಹೊಲಗಳನ್ನು ಗುರುತು ಹಾಕುತ್ತ ಹೋದೆ. ಹನ್ನೊಂದು ನೆನಪಾದವು, ಎಲ್ಲ ನೀರು ಹತ್ತಿದವೇ. ಒಣಗಿದ್ದರಲ್ಲಿ ನಮ್ಮದೊಂದೇ.