ಸಲಹೆಗಾರನ ಲೆಕ್ಕ

ಪುಸ್ತಕದಲ್ಲಿ ತಪ್ಪಿದ ಲೆಕ್ಕವನ್ನು ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಅಧ್ಯಕ್ಷರ ಮೇಜಿಗೆ ಹೋದ ಲೆಕ್ಕಕ್ಕೆ ಎರಡನೆಯ ಮುದ್ರಣವಿಲ್ಲ.

*

ವಾಲ್ಟ್ ರೋಸ್ಟೋವ್ ಎಂಐಟಿಯಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದವನು. ಎಲ್ಲ ದೇಶಗಳೂ ಐದು ಹಂತ ಹತ್ತಿ ಸಮೃದ್ಧಿ ಮುಟ್ಟುತ್ತವೆ ಎಂಬ ಅವನ ಪುಸ್ತಕ ಬಂದದ್ದು 1960ರಲ್ಲಿ. ಹೂಡಿಕೆ ರಾಷ್ಟ್ರಾದಾಯದ ಶೇ. 5ರಿಂದ ಶೇ. 10ರಾಚೆಗೆ ಹೋದರೆ ಜಿಗಿತ. ಮರುವರ್ಷ ಅವನೇ ಕೆನಡಿಯ ಶ್ವೇತಭವನಕ್ಕೆ ಜಿಗಿದ. 1966ರಲ್ಲಿ ಮುಂದಿನ ಅಧ್ಯಕ್ಷ ಜಾನ್ಸನ್‌ಗೆ ರಾಷ್ಟ್ರೀಯ ಭದ್ರತಾ ಸಲಹೆಗಾರನಾದ.

*

ಐದನೆಯ ಮೆಟ್ಟಿಲಲ್ಲಿ ನಿಂತವನಿಗೆ ಒಂದನೆಯ ಮೆಟ್ಟಿಲಿನವನು ತಡವಾಗಿ ಬಂದವನಂತೆ ಕಾಣುತ್ತಾನೆ. ಅವನು ಬೇರೆ ಕಡೆಗೆ ಹೊರಟಿರಬಹುದು ಎಂಬುದು ಹೊಳೆಯುವುದೇ ಇಲ್ಲ.

*

ಕಮ್ಯೂನಿಸಂ ಎಂದರೆ ಬದಲಾಗುತ್ತಿರುವ ಸಮಾಜಕ್ಕೆ ತಗಲುವ ಕಾಯಿಲೆ ಎಂದಿತು ಆ ಪುಸ್ತಕ. ಜನರ ರಾಜಕೀಯವನ್ನು ಕಾಯಿಲೆ ಎಂದ ಮೇಲೆ ಚಿಕಿತ್ಸೆಗೆ ಅವರ ಒಪ್ಪಿಗೆ ಯಾಕೆ ಬೇಕು?

*

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನಲ್ಲಿ ಕೂತು, ಜರ್ಮನಿಯ ಎಲ್ಲಿಗೆ ಬಾಂಬು ಹಾಕಿದರೆ ಹೆಚ್ಚು ಪೆಟ್ಟು ಎಂದು ಲೆಕ್ಕ ಹಾಕುವುದು ಅವನ ಕೆಲಸವಾಗಿತ್ತು. ಎಣ್ಣೆಗೆ ಹೊಡೆದರೆ ಶತ್ರು ಮಲಗುತ್ತಾನೆ ಎಂಬ ಪಾಠ ತಲೆಯಲ್ಲಿ ಕೂತುಬಿಟ್ಟಿತು. ಅದೇ ಪಾಠದಂತೆ 1966ರ ಜೂನ್‌ನಲ್ಲಿ ಅಮೆರಿಕದ ಬಾಂಬುಗಳಿಗೆ ಹನೋಯಿ, ಹೈಫಾಂಗ್‌ಗಳ ಎಣ್ಣೆ ಸಂಗ್ರಹಗಳು ಹೊತ್ತಿ ಉರಿದವು. ಯುದ್ಧ ನಿಲ್ಲಲಿಲ್ಲ. ಉತ್ತರ ವಿಯೆಟ್ನಾಂ ಆಗಲೇ ಎಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿ ಊರೂರಿಗೆ ಚದುರಿಸಿತ್ತು. ಜರ್ಮನಿಯನ್ನು ಕಾದಾಡಿಸಿದ್ದು ಅದರದೇ ಕಾರ್ಖಾನೆಗಳು. ಉತ್ತರ ವಿಯೆಟ್ನಾಮಿನ ಶಸ್ತ್ರಗಳು ಬರುತ್ತಿದ್ದದ್ದು ಸೋವಿಯತ್ ಒಕ್ಕೂಟದಿಂದ, ಚೀನಾದಿಂದ.

*

ಜರ್ಮನಿಯ ಮೇಲೆ ಬಿದ್ದ ಬಾಂಬುಗಳ ಫಲವನ್ನು ಯುದ್ಧಾನಂತರ ಅಳೆದವರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞನಿದ್ದ: ಗಾಲ್‌ಬ್ರೆತ್. ಬಾಂಬು ಬೀಳುತ್ತಿದ್ದಾಗಲೂ 1944ರವರೆಗೆ ಅಲ್ಲಿನ ಶಸ್ತ್ರೋತ್ಪಾದನೆ ಏರುತ್ತಲೇ ಇತ್ತು ಎಂಬುದು ಅವನ ಕಣ್ಣಿಗೆ ಬಿತ್ತು. 1961ರ ಅಕ್ಟೋಬರ್‌ನಲ್ಲಿ ದಕ್ಷಿಣ ವಿಯೆಟ್ನಾಮಿನ ಸೈಗಾನ್‌ಗೆ ಹೋಗಿ ಬಂದ ಜನರಲ್ ಟೇಲರ್ ಮತ್ತು ರೋಸ್ಟೋವ್, ಮೆಕಾಂಗ್ ನೆರೆ ಪರಿಹಾರದ ನೆಪದಲ್ಲಿ ಸೇನೆ ಕಳಿಸಬಹುದು ಎಂದರು. ಮರುತಿಂಗಳು ಅಲ್ಲಿಗೇ ಹೋದ ಗಾಲ್‌ಬ್ರೆತ್, ಆಗ ದೆಹಲಿಯಲ್ಲಿ ರಾಯಭಾರಿ, ಸಿಕ್ಕಿಕೊಳ್ಳಬೇಡಿ ಎಂದು ಕೆನಡಿಗೆ ಬರೆದ. ಓದಿದ ವಿದ್ಯೆ ಒಂದೇ, ನೋಡಿದ ಊರು ಒಂದೇ.

*

ರೋಸ್ಟೋವ್ ಕೆಟ್ಟವನೇನಲ್ಲ. ಭಾರತಕ್ಕೆ ಹೆಚ್ಚು ನೆರವು ಕೊಡಿ ಎಂದು 1950ರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ವಾದಿಸಿದವನೂ ಅವನೇ. ನಮ್ಮ ಜಿಗಿತ 1952ರಲ್ಲೇ ಶುರುವಾಯಿತು ಎಂದೂ ಬರೆದ. ನಮಗೇ ಗೊತ್ತಿರಲಿಲ್ಲ!

*

ಸಂಕಟದಲ್ಲಿರುವ ದೊರೆಗೆ ಒಳ್ಳೆಯ ಸುದ್ದಿ ತರುವವನೇ ಆಪ್ತ. ವಿಯೆಟ್ನಾಂ ಯುದ್ಧದ ಬಗ್ಗೆ ಅನುಮಾನ ಹುಟ್ಟಿದ ರಕ್ಷಣಾ ಸಚಿವ ಮೆಕ್‌ನಮಾರ 1968ರಲ್ಲಿ ಕುರ್ಚಿ ಬಿಟ್ಟ. ಅನುಮಾನವಿಲ್ಲದ ರೋಸ್ಟೋವ್ ಕೊನೆಯವರೆಗೂ ಉಳಿದ.

*

1969ರಲ್ಲಿ ಎಂಐಟಿ ಅವನನ್ನು ಮರಳಿ ಕರೆಯಲಿಲ್ಲ, ಟೆಕ್ಸಾಸ್ ವಿಶ್ವವಿದ್ಯಾಲಯ ಕರೆಯಿತು. ಆ ಯುದ್ಧದಿಂದ ಆಗ್ನೇಯ ಏಷ್ಯಾಕ್ಕೆ ಬೆಳೆಯಲು ಕಾಲಾವಕಾಶ ಸಿಕ್ಕಿತು ಎಂದೇ ವಾದಿಸುತ್ತ 2003ರಲ್ಲಿ ತೀರಿಕೊಂಡ. ಆ ಅವಕಾಶಕ್ಕೆ ಬೆಲೆ ತೆತ್ತವರು ವಿಯೆಟ್ನಾಮಿನವರು.

*

ಆ ಐದು ಹಂತಗಳು ನಮ್ಮ ಪದವಿ ಪರೀಕ್ಷೆಗಳಲ್ಲಿ ಇನ್ನೂ ಬರುತ್ತವೆ. ಪಾಠ ಮಾಡುವ ಮೇಷ್ಟ್ರುಗಳೇ, ಅವನ್ನು ಬರೆದವನು ಮುಂದೆ ಯಾವ ಕುರ್ಚಿಯಲ್ಲಿ ಕೂತ, ಅಲ್ಲಿಂದ ಏನು ಹೇಳಿದ ಎಂಬುದನ್ನೂ ಮಕ್ಕಳಿಗೆ ಹೇಳಿ.