ಅರ್ಥವನ್ನು ಅಚ್ಚು ಹಾಕಬಹುದೇ?

ಮೀಮಾಂಸಕರು ಯಾವ ಪ್ರಶ್ನೆ ಎತ್ತಿಕೊಂಡರೂ ಐದು ಮೆಟ್ಟಿಲು ಹತ್ತುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಾಗಕ್ಕೆಂದು ಕಟ್ಟಿದ ಮೆಟ್ಟಿಲನ್ನು ದಾಳದ ಆಟಕ್ಕೆ ಹಚ್ಚಿದರೆ ಅವರ ಸೂತ್ರಕಾರ ಜೈಮಿನಿ ಮುನಿಸಿಕೊಳ್ಳಲಾರ ಎಂದುಕೊಂಡಿದ್ದೇನೆ. ಬರೆದ ಮಾತಿಗೂ ಮಾಡುವ ಕೆಲಸಕ್ಕೂ ಏನು ಸಂಬಂಧ ಎನ್ನುವುದೇ ಅವನ ಚಿಂತೆಯೂ ಆಗಿತ್ತಲ್ಲ.

ವಿಷಯ ಎದ್ದದ್ದು ಧನಕವಡಿಯಲ್ಲಿ, ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ. ಪುಣೆ–ಸಾತಾರಾ ರಸ್ತೆಯ ಈ ಭಾಗಕ್ಕೆ ಎಂಜಿನಿಯರಿಂಗ್ ಕಾಲೇಜೂ ಭಾರತೀ ವಿದ್ಯಾಪೀಠವೂ ಹತ್ತಿರ, ಹಾಗಾಗಿ ಕಟ್ಟಡಕ್ಕೊಂದಾದರೂ ಹುಡುಗರ ರೂಮು ಇದ್ದೇ ಇರುತ್ತದೆ. ಇದರಲ್ಲಿ ನಿಪ್ಪಾಣಿಯವನೊಬ್ಬ, ಜತ್ತಿನವನೊಬ್ಬ, ಅಕ್ಕಲಕೋಟೆಯವನೊಬ್ಬ, ಉಳಿದಿಬ್ಬರು ಅಪ್ಪಟ ಪುಣೇಕರರು. ಭಾನುವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಸೇರಿದವೆಂದರೆ ಒಳಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ನಡೆದಿದೆ ಎಂದೇ ಲೆಕ್ಕ. ಒಬ್ಬ ಡಿಎಂ, ಲೋಕವನ್ನೂ ಎದುರಾಳಿಗಳನ್ನೂ ನಡೆಸುವವನು. ಉಳಿದವರಿಗೆ ಒಂದೊಂದು ವೇಷ, ಬಣ್ಣವಿಲ್ಲದೆ, ಕುಳಿತಲ್ಲೇ. ಮಾಡಹೊರಟದ್ದು ಫಲಿಸಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಕರಾವಳಿಯಿಂದ ಬಂದ ನನಗೆ ಮೊದಲ ಸಲ ನೋಡಿದಾಗಲೇ ಗುರುತು ಹತ್ತಿತು. ಇದು ತಾಳಮದ್ದಳೆ, ಕೂತು ಮಾತಿನಲ್ಲೇ ಆಡುವ ಯಕ್ಷಗಾನ; ಹಾಡಿ ನಡೆಸುವ ಭಾಗವತನ ಜಾಗದಲ್ಲಿ ದಾಳ ಕೂತಿದೆ, ಅಷ್ಟೇ.

ಆ ದಿನ ಡಿಎಂ ಆಗಿದ್ದ ನಿಪ್ಪಾಣಿಯವನ ಕೈಯಲ್ಲಿ ಅಚ್ಚಾದ ಮಾಡ್ಯೂಲ್ ಇತ್ತು. ಯಾವ ಕೋಣೆಯಲ್ಲಿ ಯಾರು ಕಾದಿದ್ದಾರೆ, ಏನು ಸಿಗುತ್ತದೆ, ಎಲ್ಲ ಬರೆದಿಟ್ಟ ಸಾಹಸಕತೆ. ನಡುನಡುವೆ ಬೂದು ಬಣ್ಣದ ಚೌಕ. ಅದರೊಳಗಿನದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಓದಿದ. ಪಾಚಿಗಟ್ಟಿದ ಕಲ್ಲು, ತೊಟ್ಟಿಕ್ಕುವ ನೀರು, ದೂರದಲ್ಲೇನೋ ಗುರ್ ಎನ್ನುವ ಸದ್ದು, ಎಂಟು ಸಾಲು ಇಂಗ್ಲಿಷ್. ಮೂರನೇ ಸಾಲಿಗೆ ಜತ್ತಿನವನ ಹೆಬ್ಬೆರಳು ಮೊಬೈಲ್ ಮೇಲೆ ಜಾರತೊಡಗಿತು. ಆಮೇಲೊಬ್ಬ ಡಕಾಯಿತ ಸಿಕ್ಕಿಬಿದ್ದ. “ನೀ ಈ ಕೆಲಸ ಮಾಡೋದು ನಿಮ್ಮವ್ವಗ ಗೊತ್ತೈತೇನು?” ಎಂದು ಅಕ್ಕಲಕೋಟೆಯವನು ಕೇಳಿದ. ಡಕಾಯಿತನ ಅವ್ವ ಪುಸ್ತಕದಲ್ಲಿರಲಿಲ್ಲ. ನಿಪ್ಪಾಣಿಯವನು ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು, “ಅವ್ವ ಸತ್ತು ಮೂರು ವರ್ಷ ಆತು. ಆಕಿ ಔಷಧದ ಸಾಲ ಇನ್ನೂ ತೀರಿಲ್ಲ” ಅಂದ. ಮೊಬೈಲ್ ಜೇಬಿಗೆ ಹೋಯಿತು. ಮುಂದಿನ ಒಂದು ತಾಸು ಬೆರಳು ಅಲ್ಲೇ ಇತ್ತು, ಪುಸ್ತಕ ತೆರೆಯಲಿಲ್ಲ.

ಸಂಶಯ ಇದರಿಂದಲೇ ಹುಟ್ಟಿತು. ಈ ಹುಡುಗರಿಗೆ ತಾವೇ ಒಂದು ಸಣ್ಣ ಪ್ರಕಾಶನ ಮಾಡುವ ಆಸೆ. ಮಾಡ್ಯೂಲ್ ತರಬೇಕೋ, ಬೇರೇನಾದರೂ ತರಬೇಕೋ?

ಪೂರ್ವಪಕ್ಷಿಯ ಮಾತು ಸರಳ. ಮಾಡ್ಯೂಲೇ ಸುಲಭ, ಮೂವತ್ತೆರಡು ಪುಟ, ಒಂದು ನಕ್ಷೆ, ಹೊಲಿಗೆ ಬೈಂಡಿಂಗಿನ ಖರ್ಚೂ ಇಲ್ಲ. ಚರಿತ್ರೆಯೂ ಅವನ ಕಡೆಗಿದೆ. 1974ರಲ್ಲಿ ಟಿಎಸ್‌ಆರ್ ಕಂಪನಿ ತಂದ ಈ ಆಟದ ಮೊದಲ ಪೆಟ್ಟಿಗೆಯಲ್ಲಿ ಇದ್ದದ್ದು ಮೂರು ನಿಯಮದ ಪುಸ್ತಿಕೆ. ಕತೆ ನೀವೇ ಕಟ್ಟಿಕೊಳ್ಳಿ ಎಂಬ ಧಾಟಿ. ಸಿದ್ಧ ಸಾಹಸ ಬೇಕೆಂದು ಕೇಳುವವರಿದ್ದಾರೆಂದು ತೋರಿಸಿದವರಲ್ಲಿ 1976ರಲ್ಲಿ ಶುರುವಾದ ಜಡ್ಜಸ್ ಗಿಲ್ಡ್ ಎಂಬ ಪುಟ್ಟ ಸಂಸ್ಥೆ ಮುಖ್ಯ. 1978ರಲ್ಲಿ ಟಿಎಸ್‌ಆರ್ ತಾನೇ ಬಿಡಿ ಮಾಡ್ಯೂಲ್‌ಗಳ ಸಾಲು ಹಿಡಿಯಿತು. 2000ದಲ್ಲಿ ಆಟದ ಹೊಸ ಯಜಮಾನ ವಿಜರ್ಡ್ಸ್ ಆಫ್ ದ ಕೋಸ್ಟ್ ನಿಯಮಗಳನ್ನು ಮುಕ್ತ ಪರವಾನಗಿಗೆ ಬಿಟ್ಟಾಗ, ಹೊಸ ನಿಯಮಪುಸ್ತಕ ಜೆನ್‌ಕಾನ್ ಮೇಳದಲ್ಲಿ ಬಿಡುಗಡೆಯಾದ ಹೊತ್ತಿಗೇ ಗ್ರೀನ್ ರೋನಿನ್ ಎಂಬ ಎಳೆಯ ಸಂಸ್ಥೆ ‘ಡೆತ್ ಇನ್ ಫ್ರೀಪೋರ್ಟ್’ ಎಂಬ ಮಾಡ್ಯೂಲ್ ಹಿಡಿದು ನಿಂತಿತ್ತು. ಅದರಿಂದಲೇ ಹೆಸರಾಯಿತು.

ಹೌದು, ಆದರೆ ಕತೆಯ ಉಳಿದರ್ಧವನ್ನೂ ಕೇಳಬೇಕು. 2002ಕ್ಕೆ ಅದೇ ಗ್ರೀನ್ ರೋನಿನ್ ‘ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್’ ಎಂಬ ಸ್ವಂತ ಆಟ ತಂದಿತು. 2003ರಲ್ಲಿ ನಿಯಮಗಳ ಪರಿಷ್ಕೃತ ಆವೃತ್ತಿ ಬಂದಾಗ ಹಳೆಯ ನಿಯಮಕ್ಕೆ ಅಂಟಿಕೊಂಡ ಪುಸ್ತಿಕೆಗಳು ಅಂಗಡಿಗಳಲ್ಲಿ ಧೂಳು ತಿಂದವು. ಹಲವು ಸಣ್ಣವರು ಮುಳುಗಿದರು. ಗ್ರೀನ್ ರೋನಿನ್ ಉಳಿಯಿತು. 2007ರಲ್ಲಿ ಫ್ರೀಪೋರ್ಟ್ ಊರನ್ನೇ, ಯಾವ ನಿಯಮಕ್ಕೂ ಕಟ್ಟದೆ, ಬೀದಿ, ಹೆಂಡದಂಗಡಿ, ಜಗಳ, ಜನ ಸಮೇತ ಒಂದು ದಪ್ಪ ಪುಸ್ತಕ ಮಾಡಿತು. ಮೊದಲ ಪುಸ್ತಿಕೆಯಲ್ಲಿ ಸಾಹಸಕ್ಕೊಂದು ಊರು ಬೇಕಾಗಿತ್ತು. ಕೊನೆಗೆ ಊರೇ ಸರಕಾಯಿತು.

ಲೆಕ್ಕ ಹಾಕಿದರೆ ಇದು ಸಹಜ. ಮೇಜಿನ ಸುತ್ತ ಐವರಿದ್ದರೆ ನಿಯಮಪುಸ್ತಕ ಐವರಿಗೂ ಬೇಕಾದೀತು. ಮಾಡ್ಯೂಲ್ ಒಬ್ಬನಿಗೆ ಸಾಕು, ಉಳಿದ ನಾಲ್ವರು ಕೊಳ್ಳಲೂ ಬಾರದು, ಏಕೆಂದರೆ ಓದಿದವನು ಆಡಲಾರ. ಆಡಿ ಮುಗಿದ ಮೇಲೆ ಆ ಒಬ್ಬನಿಗೂ ಅದು ಬೇಡ. ಗಿರಾಕಿಗಳಲ್ಲಿ ಐದಕ್ಕೆ ನಾಲ್ಕು ಪಾಲನ್ನು ತಾನೇ ಓಡಿಸುವ ಸರಕು ಇದೊಂದೇ ಇರಬೇಕು.

ಇಲ್ಲಿ ಪೂರ್ವಪಕ್ಷಿ ನನ್ನದೇ ದೊಣ್ಣೆ ಕಿತ್ತುಕೊಂಡು ನನಗೇ ಹೊಡೆಯುತ್ತಾನೆ. ಯಕ್ಷಗಾನ ಪ್ರಸಂಗವೂ ಮಾಡ್ಯೂಲೇ ತಾನೆ? ಉಡುಪಿಯ ಪಾವಂಜೆ ಗುರುರಾಯರಂಥವರು ಅದನ್ನು ತಲೆಮಾರುಗಟ್ಟಲೆ ಅಚ್ಚು ಹಾಕಲಿಲ್ಲವೇ? ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಂದಿಗೂ ಸವೆದಿಲ್ಲವಲ್ಲ?

ನಮ್ಮ ಮನೆಯ ಕಪಾಟಿನಲ್ಲೂ ಅಂಥದೊಂದು ಬಿಡಿಪುಸ್ತಿಕೆ ಇದೆ, ವಾಲಿವಧೆಯದು. ಹೊಲಿಗೆ ಬಿಟ್ಟಿದೆ, ತುಕ್ಕು ಪಿನ್ನಿನ ಕಂದು ಕಲೆ ನಾಲ್ಕು ಪುಟಕ್ಕೆ ಇಳಿದಿದೆ. ತೆರೆದರೆ ಪದ್ಯ, ಮತ್ತೆ ಪದ್ಯ. ಪ್ರತಿಯೊಂದರ ನೆತ್ತಿಯ ಮೇಲೆ ರಾಗ, ತಾಳ. ವಾಲಿ ಆಡಬೇಕಾದ ಮಾತು? ಒಂದು ಸಾಲೂ ಇಲ್ಲ. ಪದ್ಯ ಮುಗಿದ ಮೇಲೆ ಅರ್ಥಧಾರಿ ಆ ಮಾತನ್ನು, ಅಂದರೆ ಅರ್ಥವನ್ನು, ಅಲ್ಲೇ ಎದುರಾಳಿಯ ಮುಖ ನೋಡಿ ಕಟ್ಟಬೇಕು. ಮರೆಯಲ್ಲಿ ನಿಂತ ರಾಮನ ಬಾಣ ತಗಲುತ್ತದೆ, ವಾಲಿ ಬೀಳುತ್ತಾನೆ ಎಂಬುದು ಚಾಪೆಯ ಮೇಲೆ ಕೂತ ಮಕ್ಕಳಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾದರೆ ಜನ ಏಳುತ್ತಿರಲಿಲ್ಲ, ಬಿದ್ದವನು ಇವತ್ತು ರಾಮನನ್ನು ಏನು ಕೇಳುತ್ತಾನೋ ಎಂದು. ಪ್ರಸಂಗ ಓದಿ ಬಂದವನಿಗೆ ಏನೂ ನಷ್ಟವಿಲ್ಲ, ಇನ್ನಷ್ಟು ರುಚಿ. ಅದಕ್ಕೇ ಅದು ಐವರಿಗೂ ಮಾರಾಟವಾಗುತ್ತದೆ, ನೂರು ರಾತ್ರಿ ಬಾಳುತ್ತದೆ. ಮಾಡ್ಯೂಲಿನ ಗುಟ್ಟು ಬಾಗಿಲ ಹಿಂದೆ ಏನಿದೆ ಎನ್ನುವುದರಲ್ಲಿದೆ. ಒಮ್ಮೆ ತೆರೆದರೆ ಮುಗಿಯಿತು. ಪ್ರಸಂಗದ ಗುಟ್ಟು ಮಾತಾಡುವವನ ಬಾಯಲ್ಲಿದೆ.

ಹಾಗಾಗಿ ಸಿದ್ಧಾಂತ ಇಷ್ಟು. ಸಣ್ಣ ಪ್ರಕಾಶಕ ಮಾಡ್ಯೂಲನ್ನು ಬಿಡುವುದು ಸರಿ, ಕತೆಯನ್ನು ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಆ ಬೂದು ಚೌಕವನ್ನು. ಪದ್ಯ ಅಚ್ಚು ಹಾಕು. ಅರ್ಥವನ್ನು ಮೇಜಿಗೆ ಬಿಡು.

ಆಕ್ಷೇಪಗಳು ಇನ್ನೂ ಇವೆ. ಹೊಸ ಡಿಎಂಗೆ ಬರಿಯ ಊರಿನ ವಿವರ ಕೊಟ್ಟರೆ ಬೆವರುತ್ತಾನೆ, ಕೈ ಹಿಡಿದು ನಡೆಸಲು ಮಾಡ್ಯೂಲ್ ಬೇಡವೇ? ಬೇಕು, ಒಂದು. ಅದು ನಿಯಮದ ಪುಸ್ತಕದ ಜೊತೆಗೇ ಬರಲಿ. ಟಿಎಸ್‌ಆರ್ ಕೂಡ ‘ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಅನ್ನು ಕಲಿಯುವವರ ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟಿತ್ತು. ನಮ್ಮಲ್ಲೂ ಹೊಸಬರು ಹಿರಿಯರ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುವುದುಂಟು; ವರ್ಷ ಕಳೆದರೂ ನೋಟ್‌ಬುಕ್ ಬಿಡದವನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ.

ಪೈಜೊ ಸಂಸ್ಥೆ ಸಾಹಸಕತೆಗಳಿಂದಲೇ ದೊಡ್ಡದಾಯಿತಲ್ಲ? ಆಯಿತು. ಆದರೆ 2007ರಲ್ಲಿ ಅದು ‘ಪಾಥ್‌ಫೈಂಡರ್’ ಮಾಸಿಕ ಕಂತು ಆರಂಭಿಸುವಾಗ, ಅದುವರೆಗೆ ತಾನು ನಡೆಸುತ್ತಿದ್ದ ‘ಡಂಜನ್’, ‘ಡ್ರಾಗನ್’ ಪತ್ರಿಕೆಗಳ ಚಂದಾದಾರರು ಆಗಲೇ ಬಾಗಿಲಲ್ಲಿದ್ದರು. ಧನಕವಡಿಯ ಮೂರನೇ ಮಹಡಿಗೆ ಆ ಹೋಲಿಕೆ ಹೊಂದದು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದರ ಮುಂದೆ ನಾನು ಅರ್ಧ ಸೋತಿದ್ದೇನೆ. ಒಂದೇ ಮಾಡ್ಯೂಲ್ ಆಡಿದ ಅಪರಿಚಿತರು ರೈಲಿನಲ್ಲಿ ಸಿಕ್ಕರೂ ಹರಟಬಲ್ಲರು. 1978ರಲ್ಲಿ ಅಚ್ಚಾದ ‘ಟೂಂಬ್ ಆಫ್ ಹಾರರ್ಸ್’ ಹೆಸರೆತ್ತಿದರೆ ಸಾಕು, ಎಲ್ಲಿ ಸತ್ತೆ ಎಂಬ ಮಾತು ಶುರು. ಇನ್ನೊಬ್ಬ ಅರ್ಥಧಾರಿ ಸಾಮಗರ ಮಾತೂ ಶೇಣಿಯವರ ಮಾತೂ ಹೋಲಿಸಿ ನೋಡಲು ಒಂದೇ ಪ್ರಸಂಗ ಬೇಕಲ್ಲವೇ, ಹಾಗೆ. ಊರೂರಿನ ಮೇಜು ತನ್ನದೇ ಕತೆ ಕಟ್ಟಿದರೆ ಈ ಹಂಚಿಕೊಂಡ ನೆನಪು ಹೋಗುತ್ತದೆ. ಹೋಗಲಿ ಎನ್ನಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ವಾಲಿಯನ್ನು ಪ್ರಕಾಶಕ ಹುಟ್ಟಿಸಲಿಲ್ಲ, ಜನರಲ್ಲಿದ್ದವನನ್ನು ಎತ್ತಿಕೊಂಡ. ಈ ಹುಡುಗರಿಗೂ ಎತ್ತಿಕೊಳ್ಳಲು ಹತ್ತಿರದಲ್ಲೇ ಏನೋ ಇರಬೇಕು.

ಇತ್ತು, ಸಂಗತಿಯೂ ಅಲ್ಲೇ ಕೂಡಿತು. ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಾತ್ರಜ್ ಕೆರೆಯಿಂದ ಅವನ ಅರಮನೆ ಶನಿವಾರವಾಡೆಯವರೆಗೆ ನೆಲದಡಿಯಲ್ಲಿ ಕಾಲುವೆ ಕಟ್ಟಿದ್ದರು. ನಡುನಡುವೆ ಗಾಳಿಗೆಂದು ಕಲ್ಲಿನ ಉಚ್ಛ್ವಾಸಗಳು. ಈಗ ಹುಡುಗರ ಗೋಡೆಯ ಮೇಲೆ ಅದರ ನಕ್ಷೆ ಇದೆ. ಪಕ್ಕದಲ್ಲಿ ಅವರ ಪುಸ್ತಕದ ಆರಂಭ: ಒಂದು ಬೆಳಿಗ್ಗೆ ವಾಡೆಯ ಹೌದಿಗೆ ನೀರು ಬರಲಿಲ್ಲ. ನೀರು ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ನಾಲ್ಕು ಸಾಲು. ಆಮೇಲೆ ಖಾಲಿ ಪುಟ. ಕೊತ್ವಾಲ ಏನು ಹೇಳುತ್ತಾನೆ ಎಂದು ಜತ್ತಿನವನು ಬರೆದಿದ್ದನ್ನು ನಿಪ್ಪಾಣಿಯವನು ಹೊಡೆದುಹಾಕಿದ್ದಾನೆ. ಉಚ್ಛ್ವಾಸಗಳು ಎಷ್ಟೆಷ್ಟು ದೂರಕ್ಕೆ ಇರಬೇಕು ಎಂಬುದರ ಮೇಲೆ ಪುಣೇಕರರಿಬ್ಬರಿಗೂ ಜಗಳ ಹತ್ತಿದೆ. ಬರುವ ಭಾನುವಾರ ಆಟವಿಲ್ಲ, ಕೆರೆಯ ಕಡೆ ಹೋಗಿ ನೋಡಿ ಬರುತ್ತಾರಂತೆ.