ಎರಡು ಡಬ್ಬಿ

ಆಲ್ದೂರಿನ ಕಡೆ ಒಂದು ತಮಾಷೆ ನೋಡಬಹುದು. ಮನೆ ಸುತ್ತ ಕಾಫಿ ತೋಟ, ಅಡುಗೆಮನೆಗೆ ಮಾತ್ರ ಪೇಟೆ ಅಂಗಡಿಯ ಪುಡಿ. ನಮ್ಮನೆಯಲ್ಲೂ ಹಾಗೇ ಇತ್ತು. ಹೋದ ವರ್ಷ ಅಟ್ಟದಿಂದ ಅಜ್ಜಿ ಕಾಲದ ಕಾಫಿ ಬೀಸೋ ಮಿಷಿನ್ನು ಇಳಿಸಿ, ಒರೆಸಿ, ಮೇಜಿನ ಅಂಚಿಗೆ ಬಿಗಿದೆ. ಈಗ ಬೆಳಿಗ್ಗೆಗೆ ಬೇಕಾದಷ್ಟೇ ಬೀಜ ಹಾಕಿ ಬೀಸೋದು.

ಯಾಕಿಷ್ಟು ಕಷ್ಟ ಅಂತೀರಾ? ಹುರಿದ ಬೀಜ ಪರಿಮಳವನ್ನ ಒಳಗೇ ಹಿಡಿದಿಟ್ಟುಕೊಂಡಿರುತ್ತೆ. ಪುಡಿಯಾದ ಕೂಡಲೇ ಅದು ಹಾರಿಹೋಗೋಕೆ ಶುರು. ಬೀಸುವಾಗ ಮನೆಯೆಲ್ಲ ಘಮ್ ಅನ್ನುತ್ತಲ್ಲ, ಅದು ಲೋಟಕ್ಕೆ ಬರದೆ ಹೋದ ಪರಿಮಳ. ಅದಕ್ಕೇ ಬೀಸಿದ್ದನ್ನ ಆಗಲೇ ಫಿಲ್ಟರಿಗೆ ಹಾಕಬೇಕು. ತೀರಾ ನುಣ್ಣಗಾದರೆ ಡಿಕಾಕ್ಷನ್ ಇಳಿಯಲ್ಲ, ಕಹಿ ಬೇರೆ. ತರಿಯಾದರೆ ನೀರು ಸರ್ರನೆ ಇಳಿದು ಸಪ್ಪೆ.

ಆದರೆ ಬೀಸೋಕೆ ಯಾವ ಬೀಜ? ಹಣ್ಣನ್ನ ನೀರಿಗೆ ಹಾಕಿದಾಗ ಮುಳುಗಿದ್ದು ಪಲ್ಪರ್ ದಾಟಿ ಪಾರ್ಚ್‌ಮೆಂಟ್ ಆಗಿ ಮಾರಾಟಕ್ಕೆ ಹೋಗುತ್ತೆ. ತೇಲಿದ ಜೊಳ್ಳು, ನೆಲಕ್ಕೆ ಉದುರಿದ್ದು ಮನೆಗೆ. ನಮ್ಮಲ್ಲಿ ಹಿಂದಿನಿಂದ ಬಂದ ಲೆಕ್ಕ ಇದು. 1942ರ ಕಾಯಿದೆಯ ಕಾಲದಲ್ಲಿ ಬೆಳೆಯನ್ನ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಮನೆಬಳಕೆಗೆ, ಬಿತ್ತನೆಗೆ ಒಂದಿಷ್ಟು ಬಿಟ್ಟು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಸಡಿಲಾಯ್ತು. ಈಗ ಯಾವುದನ್ನ ಮಾರಬೇಕು, ಯಾವುದನ್ನ ಕುಡಿಯಬೇಕು ಅನ್ನೋದು ನಮ್ಮ ಕೈಲೇ ಇದೆ. ನಾನು ಒಂದು ಚೀಲ ಒಳ್ಳೇ ಪಾರ್ಚ್‌ಮೆಂಟನ್ನ ಮನೆಗೆ ಉಳಿಸಿದೆ.

ಉಳಿಸಿದ್ದು ಯಾರಿಗೆ? ನಮ್ಮ ಅಡುಗೆಮನೆಯಲ್ಲಿ ಎರಡು ಡಬ್ಬಿ. ಒಂದರಲ್ಲಿ ಹುರಿದ ಬೀಜ, ಮನೆಯವರಿಗೆ. ಇನ್ನೊಂದರಲ್ಲಿ ಚಿಕೋರಿ ಬೆರೆಸಿದ ಪೇಟೆ ಪುಡಿ, ಕೆಲಸದವರಿಗೆ. ಕಾನೂನಿನ ಪ್ರಕಾರ ಅಂಥ ಮಿಶ್ರಣದಲ್ಲಿ ನೂರಕ್ಕೆ 51 ಪಾಲು ಕಾಫಿ ಇದ್ದರೆ ಸಾಕು.

ಕೊಯ್ಲಿನ ದಿನ ಒಮ್ಮೆ ಎರಡನೇ ಡಬ್ಬಿ ಖಾಲಿ. ಎಲ್ಲರಿಗೂ ಬೀಸಿದ್ದೇ ಕೊಟ್ಟೆ. ನಾನು ಮದುವೆಯಾಗಿ ಬರೋಕೂ ಮುಂಚಿನಿಂದ ಹಣ್ಣು ಕುಯ್ಯುತ್ತಿರೋ ಒಬ್ಬ ಅಜ್ಜಿ ಕೇಳಿದರು, "ಅಮ್ಮಾ, ಇದ್ಯಾವ ಅಂಗಡಿದು?"

"ನಮ್ಮ ತೋಟದ್ದೇ ಅಜ್ಜಿ, ನೀವೇ ಕುಯ್ದಿದ್ದು."

"ಹಂಗಾ?" ಅಂದವರು ಲೋಟವನ್ನೇ ನೋಡುತ್ತಾ ಕೂತರು. ನನಗೆ ತಲೆ ಎತ್ತೋಕಾಗಲಿಲ್ಲ.

ಮನೆಯಲ್ಲಿ ಇದನ್ನ ಹೇಳಿದರೆ, "ಕೂಲಿ ಕೊಟ್ಟಿದೀವಲ್ಲ, ಇನ್ನೇನು ಬಾಕಿ?" ಅಂದರು. ಮಾತು ಸುಳ್ಳಲ್ಲ. ಪೇಟೆಯಲ್ಲಿ ಯಾರಿಗೆ ಯಾವ ಕಾಫಿ ಅನ್ನೋದನ್ನ ಬೆಲೆ ತೀರ್ಮಾನಿಸುತ್ತೆ, ಅಲ್ಲಿ ನಾನು ಯಾರು? ಆದರೆ ಅಡುಗೆಮನೆಯಲ್ಲಿ ಬೆಲೆಪಟ್ಟಿ ಇಲ್ಲ, ನನ್ನ ಕೈ ಇದೆ. ಪೊಟ್ಟಣದ ಪುಡಿ ತರುವಾಗ "ಅಂಗಡಿಯವನು ಕೊಟ್ಟಿದ್ದು" ಅಂತ ತಪ್ಪಿಸಿಕೊಳ್ಳಬಹುದಿತ್ತು. ಹಿಡಿ ತಿರುಗಿಸೋದು ನಾನೇ ಆದಮೇಲೆ ಆ ದಾರಿ ಮುಚ್ಚಿತು.

"ಅವರಿಗೆ ಚಿಕೋರಿನೇ ಇಷ್ಟ" ಅಂತಲೂ ಅಂದರು. ಇರಬಹುದು. ಆದರೆ ಇನ್ನೊಂದರ ರುಚಿಯನ್ನೇ ತೋರಿಸದೆ ಇಷ್ಟ ಅನ್ನೋದು ಹೇಗೆ?

ಮಾರನೇ ದಿನ ಮತ್ತೆ ಬೀಸಿದ್ದನ್ನೇ ಕೊಟ್ಟೆ. ಅಜ್ಜಿ ಕುಡಿದು, "ಚೆನ್ನಾಗೈತೆ, ಚೂರು ಚಿಕೋರಿ ಇದ್ರೆ ಗಂಟಲಿಗೆ ಹಿಡೀತಿತ್ತು" ಅಂದರು! ನಕ್ಕುಬಿಟ್ಟೆ. ಆಮೇಲೆ ತಿಳೀತು, ತಪ್ಪು ಚಿಕೋರಿದಲ್ಲ. ಅವರನ್ನ ಕೇಳದೆ ಅವರ ಪಾಲಿನದನ್ನ ನಾನು ತೀರ್ಮಾನಿಸಿದ್ದು.

ಡಬ್ಬಿ ಈಗಲೂ ಎರಡಿವೆ. ಯಾವುದರದ್ದು ಬೇಕು ಅಂತ ಕೇಳ್ತೀನಿ. ಕೆಲಸ ಜೋರಿರೋ ದಿನ ಕೈ ತಾನಾಗೇ ಪುಡಿ ಡಬ್ಬಿ ಕಡೆ ಹೋಗುತ್ತೆ, ಆಗ ಕೇಳೋದೂ ಮರೆತುಹೋಗುತ್ತೆ. ಅಜ್ಜಿ ಏನೂ ಅನ್ನಲ್ಲ, ಸುಮ್ಮನೆ ಕುಡೀತಾರೆ.